ಬೆನ್ನುಮೂಳೆಯ ಆಪರೇಶನ್: ರಕ್ತ ಉಳಿಸುವ ಇಂಜೆಕ್ಷನ್ ಬಗ್ಗೆ ತಿಳಿದಿರಬೇಕಾದದ್ದು

ಅಡಿಕೆ ಕೊಯ್ಲಿನ ಕಾಲ ಬಂತೆಂದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಒಂದು ಸುದ್ದಿ ಕಿವಿಗೆ ಬಿದ್ದೇ ಬೀಳುತ್ತದೆ. ಯಾರೋ ಕೊನೆಗಾರ ಮರದಿಂದ ಜಾರಿದನಂತೆ, ಸೊಂಟದಿಂದ ಕೆಳಗೆ ಸ್ವಾಧೀನ ಇಲ್ಲವಂತೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಪಾಚಿಗಟ್ಟಿದ ಮರ ಹತ್ತಿದವರು ಬೀಳುತ್ತಾರೆ. ಕಾಳುಮೆಣಸು ಕೊಯ್ಯಲು ಏಣಿ ಹಾಕಿದವರೂ ಬೀಳುತ್ತಾರೆ. ಬೀಳದವರಿಗೂ ಬೆನ್ನಿನ ತೊಂದರೆ ತಪ್ಪಿದ್ದಲ್ಲ. ಡಿಸ್ಕ್ ಜಾರಿ ಕಾಲಿಗೆ ಸೆಳೆತ ಬಂದವರು, ವಯಸ್ಸಾಗಿ ನರದ ದಾರಿ ಕಿರಿದಾದವರು, ಬೆನ್ನುಮೂಳೆಗೆ ಕ್ಷಯ ತಗಲಿದವರು, ಬೆಳೆಯುವ ವಯಸ್ಸಿನಲ್ಲೇ ಬೆನ್ನು ಓರೆಯಾದ ಹೆಣ್ಣುಮಕ್ಕಳು ನಮ್ಮ ಮೊಹಲ್ಲಾಗಳಲ್ಲೇ ಇದ್ದಾರೆ.

ಆಪರೇಶನ್ ಬೇಕೆಂದಾದರೆ ಕೆಲವರು ಶಿವಮೊಗ್ಗಕ್ಕೆ ಹೋಗುತ್ತಾರೆ, ಕೆಲವರು ಘಾಟಿ ಇಳಿದು ಮಣಿಪಾಲಕ್ಕೆ. ಅಲ್ಲಿ ಮೊದಲು ಕೇಳುವ ಮಾತು, "ಎರಡು ಬಾಟಲಿ ರಕ್ತಕ್ಕೆ ವ್ಯವಸ್ಥೆ ಮಾಡಿಕೊಳ್ಳಿ." ಮಸೀದಿಯ ಹುಡುಗರಿಗೆ ಫೋನ್ ಹೋಗುತ್ತದೆ, ರಾತ್ರಿಯಾದರೂ ನಾಲ್ಕು ಮಂದಿ ಬೈಕ್ ಹತ್ತಿ ಬರುತ್ತಾರೆ. ಮರುದಿನ ಅರಿವಳಿಕೆ ವೈದ್ಯರು ಬಂದು, "ರಕ್ತಸ್ರಾವ ಕಡಿಮೆಯಾಗಲು ಒಂದು ಇಂಜೆಕ್ಷನ್ ಕೊಡುತ್ತೇವೆ" ಎನ್ನುತ್ತಾರೆ. ಆಗ ರೋಗಿಯ ಚಾಚಾ ಹಿಂಜರಿಯುತ್ತಾ ಕೇಳುತ್ತಾರೆ, "ಸಾರ್, ರಕ್ತ ಹೆಪ್ಪುಗಟ್ಟಿಸುವ ಮದ್ದಾ ಅದು? ಹಾರ್ಟಿಗೆ ಏನಾದರೂ ಆದರೆ?"

ಈ ಪ್ರಶ್ನೆ ಕೇಳಿದ್ದಕ್ಕೆ ಯಾರೂ ನಾಚಿಕೊಳ್ಳಬೇಕಿಲ್ಲ. ಪ್ರಶ್ನೆ ಸರಿಯಾಗಿಯೇ ಇದೆ. ಆದರೆ ವಾರ್ಡಿನಲ್ಲಿ ಅದಕ್ಕೆ ಸಿಗುವ ಉತ್ತರ ಅರ್ಧ ನಿಮಿಷದ್ದು. ಹಾಗಾಗಿ ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇವೆ.

ಬೆನ್ನಿನ ಆಪರೇಶನ್‌ನಲ್ಲಿ ರಕ್ತ ಏಕೆ ಹೆಚ್ಚು ಹೋಗುತ್ತದೆ?

60 ಕಿಲೋ ತೂಕದ ಒಬ್ಬರ ಮೈಯಲ್ಲಿ ಸುಮಾರು 4 ಲೀಟರ್ ರಕ್ತ ಇರುತ್ತದೆ. ಒಂದು ಡಿಸ್ಕ್ ತೆಗೆಯುವ ಸಣ್ಣ ಆಪರೇಶನ್‌ನಲ್ಲಿ ಸಾಮಾನ್ಯವಾಗಿ ಒಂದೆರಡು ಚಹಾ ಲೋಟದಷ್ಟೂ ಹೋಗುವುದಿಲ್ಲ. ಆದರೆ ಮೂರು ನಾಲ್ಕು ಮೂಳೆಗಳಿಗೆ ಸ್ಕ್ರೂ, ರಾಡ್ ಹಾಕಿ ಜೋಡಿಸುವಾಗ, ಓರೆಯಾದ ಬೆನ್ನನ್ನು ನೇರ ಮಾಡುವಾಗ ಒಂದು ಲೀಟರ್ ಅಥವಾ ಅದಕ್ಕಿಂತ ಹೆಚ್ಚು ಹೋಗಬಹುದು. ಬೆನ್ನುಮೂಳೆಯ ಒಳಭಾಗ ಸ್ಪಂಜಿನ ಹಾಗೆ, ತುಂಬಾ ರಕ್ತ ಹಿಡಿದಿಟ್ಟುಕೊಂಡಿರುತ್ತದೆ. ಅದನ್ನು ಕೊರೆದರೆ ರಕ್ತ ಒಂದು ಕಡೆಯಿಂದ ಚಿಮ್ಮುವುದಿಲ್ಲ, ಎಲ್ಲ ಕಡೆಯಿಂದ ಜಿನುಗುತ್ತದೆ. ಚಿಮ್ಮುವ ರಕ್ತನಾಳವನ್ನು ಕಟ್ಟಬಹುದು, ಸುಟ್ಟು ಮುಚ್ಚಬಹುದು. ಜಿನುಗುವ ಮೂಳೆಗೆ ಹಾಗೆ ಮಾಡುವುದು ಕಷ್ಟ. ಇದರ ಜೊತೆಗೆ ಬೆನ್ನುಹುರಿಯ ಸುತ್ತ ತೆಳು ಗೋಡೆಯ ಅಭಿಧಮನಿಗಳ ಬಲೆಯೇ ಇದೆ. ಆಪರೇಶನ್‌ಗೆ ರೋಗಿಯನ್ನು ಬೋರಲು ಮಲಗಿಸುತ್ತಾರಲ್ಲ, ಆಗ ಹೊಟ್ಟೆಗೆ ಒತ್ತಡ ಬಿದ್ದರೆ ಈ ಬಲೆ ಉಬ್ಬಿ ಇನ್ನಷ್ಟು ರಕ್ತ ಸುರಿಯುತ್ತದೆ. ಅದಕ್ಕೇ ಎದೆಗೆ, ಸೊಂಟಕ್ಕೆ ದಿಂಬು ಕೊಟ್ಟು ಹೊಟ್ಟೆ ಜೋತಾಡುವಂತೆ ಬಿಡುತ್ತಾರೆ.

ರಕ್ತ ಹೋದರೆ ಬೇರೆಯವರದ್ದು ಕೊಡಬಹುದಲ್ಲ ಎನ್ನಬಹುದು. ಕೊಡಬಹುದು, ಎಷ್ಟೋ ಜೀವ ಉಳಿದದ್ದೂ ಹಾಗೆಯೇ. ಆದರೆ ಪರೀಕ್ಷೆ ಮಾಡಿದ ರಕ್ತದಿಂದಲೂ ಕೆಲವರಿಗೆ ಜ್ವರ, ಅಲರ್ಜಿ ಬರುತ್ತದೆ, ಅಪರೂಪಕ್ಕೆ ಶ್ವಾಸಕೋಶಕ್ಕೆ ತೊಂದರೆಯಾಗುತ್ತದೆ. ನರದ ಪಕ್ಕದಲ್ಲಿ ಕೆಲಸ ಮಾಡುವ ಸರ್ಜನ್‌ಗೆ ಜಾಗವೆಲ್ಲ ರಕ್ತದಿಂದ ತುಂಬಿದರೆ ಸರಿಯಾಗಿ ಕಾಣುವುದೂ ಇಲ್ಲ. ಹೊಲಿಗೆ ಹಾಕಿದ ಮೇಲೆ ಒಳಗೆ ರಕ್ತ ಗಡ್ಡೆಕಟ್ಟಿ ಬೆನ್ನುಹುರಿಯನ್ನು ಒತ್ತಿದರೆ ಕಾಲಿನ ಶಕ್ತಿಯೇ ಹೋಗಿ, ಮತ್ತೆ ತುರ್ತಾಗಿ ಆಪರೇಶನ್ ಮಾಡಬೇಕಾಗಬಹುದು. ಇದು ಅಪರೂಪ. ಆದರೆ ಪ್ರತಿಯೊಬ್ಬ ಸರ್ಜನ್‌ಗೂ ಇದರ ಭಯ ಇದ್ದೇ ಇರುತ್ತದೆ.

ಆ ಇಂಜೆಕ್ಷನ್ ಏನು ಮಾಡುತ್ತದೆ?

ಅದರ ಹೆಸರು ಟ್ರಾನೆಕ್ಸಾಮಿಕ್ ಆಸಿಡ್. ಹೆಸರು ಹೊಸದೆನಿಸಿದರೂ ಮನೆಯ ಹೆಂಗಸರಿಗೆ ಇದು ಗೊತ್ತಿರಬಹುದು, ಮುಟ್ಟಿನಲ್ಲಿ ವಿಪರೀತ ರಕ್ತ ಹೋಗುವವರಿಗೆ ವೈದ್ಯರು ಬರೆದುಕೊಡುವ ಮಾತ್ರೆಯಲ್ಲಿ ಇರುವುದೂ ಇದೇ ಔಷಧಿ.

ಗಾಯವಾದಾಗ ಅಲ್ಲಾಹನು ನಮ್ಮ ದೇಹದಲ್ಲಿ ಇಟ್ಟಿರುವ ವ್ಯವಸ್ಥೆ ಎರಡು ಕೆಲಸ ಮಾಡುತ್ತದೆ. ಮೊದಲು ನೂಲಿನ ಬಲೆಯಂಥ ಹೆಪ್ಪನ್ನು ಕಟ್ಟಿ ರಕ್ತ ನಿಲ್ಲಿಸುತ್ತದೆ. ಹೆಪ್ಪು ಹಾಗೇ ಉಳಿದರೆ ರಕ್ತನಾಳ ಮುಚ್ಚಿಹೋದೀತು, ಆದ್ದರಿಂದ ಅದನ್ನು ಕರಗಿಸುವ ಪ್ಲಾಸ್ಮಿನ್ ಎಂಬ ಕಿಣ್ವವೂ ಜೊತೆಗೇ ತಯಾರಾಗುತ್ತದೆ. ಸಣ್ಣ ಗಾಯದಲ್ಲಿ ಇವೆರಡೂ ಹೊಂದಿಕೊಂಡು ನಡೆಯುತ್ತವೆ. ಆದರೆ ದೊಡ್ಡ ಆಪರೇಶನ್‌ನಲ್ಲಿ, ದೊಡ್ಡ ಪೆಟ್ಟಿನಲ್ಲಿ, ಹೆರಿಗೆಯ ರಕ್ತಸ್ರಾವದಲ್ಲಿ ಕರಗಿಸುವ ಕೆಲಸ ಕಟ್ಟುವ ಕೆಲಸವನ್ನು ಮೀರಿ ಓಡುತ್ತದೆ. ತೋಟದ ಕಾಲುವೆಗೆ ಒಬ್ಬ ಮಣ್ಣಿನ ಒಡ್ಡು ಹಾಕುತ್ತಿರುವಾಗಲೇ ಇನ್ನೊಬ್ಬ ಹಿಂದಿನಿಂದ ಅದನ್ನು ಬಿಡಿಸುತ್ತಾ ಬಂದ ಹಾಗೆ.

ಟ್ರಾನೆಕ್ಸಾಮಿಕ್ ಆಸಿಡ್ ಹಿಡಿಯುವುದು ಆ ಎರಡನೆಯವನ ಕೈಯನ್ನು. ಹೆಪ್ಪಿನ ನೂಲಿಗೆ ಪ್ಲಾಸ್ಮಿನ್ ಅಂಟಿಕೊಳ್ಳದಂತೆ ತಡೆಯುತ್ತದೆ. ಅಂದರೆ ಇದು ಹೊಸದಾಗಿ ಹೆಪ್ಪು ಕಟ್ಟಿಸುವ ಮದ್ದಲ್ಲ, ದೇಹ ತಾನೇ ಕಟ್ಟಿಕೊಂಡ ಹೆಪ್ಪು ಬೇಗ ಕರಗದಂತೆ ಕಾಯುವ ಮದ್ದು. ಚಾಚಾ ಕೇಳಿದ ಪ್ರಶ್ನೆಗೆ ಉತ್ತರದ ಮೊದಲ ಅರ್ಧ ಇದು. ಉಳಿದರ್ಧ ಮುಂದೆ ಬರುತ್ತದೆ.

ಇದನ್ನು ಕಂಡುಹಿಡಿದವರು ಜಪಾನಿನ ಉತಾಕೊ ಒಕಾಮೊಟೊ ಮತ್ತು ಅವರ ಪತಿ ಶೋಸುಕೆ ಒಕಾಮೊಟೊ. ಎರಡನೇ ಮಹಾಯುದ್ಧದಲ್ಲಿ ಸೋತು ನಲುಗಿದ್ದ ದೇಶದಲ್ಲಿ, ಹೆರಿಗೆಯ ರಕ್ತಸ್ರಾವದಿಂದ ಸಾಯುವ ತಾಯಂದಿರನ್ನು ಉಳಿಸಬೇಕೆಂದು ಹೊರಟ ದಂಪತಿ. ಸಂಶೋಧನೆಗೆ ಹಣವಿಲ್ಲದ ಕಾಲ. ರಕ್ತವಾದರೆ ತಮ್ಮದೇ ಇದೆಯಲ್ಲ ಎಂದು ರಕ್ತದ ಮೇಲೆ ಕೆಲಸ ಶುರುಮಾಡಿದರು. ಉತಾಕೊ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಪ್ರಯೋಗಾಲಯದಲ್ಲಿ ದುಡಿದವರು. 1962ರಲ್ಲಿ ಈ ಔಷಧಿಯ ಬಗ್ಗೆ ಪ್ರಕಟಿಸಿದರು. ಆದರೆ ಹೆರಿಗೆ ವೈದ್ಯರನ್ನು ಇದರ ಪ್ರಯೋಗಕ್ಕೆ ಒಪ್ಪಿಸಲು ಅವರಿಂದ ಆಗಲಿಲ್ಲ. ಹೆರಿಗೆಯ ರಕ್ತಸ್ರಾವದಲ್ಲಿ ಇದು ಸಾವನ್ನು ತಗ್ಗಿಸುತ್ತದೆಂದು 20,000ಕ್ಕೂ ಹೆಚ್ಚು ತಾಯಂದಿರ ಅಧ್ಯಯನ ತೋರಿಸಿದ್ದು 2017ರಲ್ಲಿ. ಉತಾಕೊ ತೀರಿಕೊಂಡದ್ದು ಅದರ ಹಿಂದಿನ ವರ್ಷ, 98ನೇ ವಯಸ್ಸಿನಲ್ಲಿ.

ಬೆನ್ನುಮೂಳೆಯ ಆಪರೇಶನ್‌ನಲ್ಲಿ ಚರ್ಮ ಕೊಯ್ಯುವ ಮೊದಲೇ ಇದನ್ನು ಡ್ರಿಪ್ ಮೂಲಕ ನಿಧಾನವಾಗಿ ಕೊಡುತ್ತಾರೆ. ಸಾಮಾನ್ಯವಾಗಿ ತೂಕದ ಪ್ರತಿ ಕಿಲೋಗೆ 10ರಿಂದ 15 ಮಿಲಿಗ್ರಾಂ, ಮತ್ತೆ ಆಪರೇಶನ್ ಮುಗಿಯುವವರೆಗೆ ಗಂಟೆಗೆ ಇಷ್ಟೆಂದು ಹನಿಹನಿಯಾಗಿ. ಓರೆ ಬೆನ್ನಿನ ದೊಡ್ಡ ಆಪರೇಶನ್‌ಗಳಲ್ಲಿ ಕೆಲವು ಆಸ್ಪತ್ರೆಗಳು ಇನ್ನೂ ಹೆಚ್ಚು ಕೊಡುತ್ತವೆ. ಬೆನ್ನಿನ ಆಪರೇಶನ್ ಕುರಿತ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ರಕ್ತನಷ್ಟವೂ, ರಕ್ತ ಕೊಡಬೇಕಾಗಿ ಬಂದವರ ಸಂಖ್ಯೆಯೂ ಸ್ಪಷ್ಟವಾಗಿ ಇಳಿದಿವೆ. ಆಪರೇಶನ್ ದೊಡ್ಡದಾದಷ್ಟೂ ಲಾಭ ಹೆಚ್ಚು. ಒಂದು ಡಿಸ್ಕಿನ ಸಣ್ಣ ಆಪರೇಶನ್‌ಗೆ ಇದನ್ನು ಕೊಡಲಿಲ್ಲವೆಂದು ಬೇಸರಿಸಬೇಕಿಲ್ಲ. ಬೆಲೆಯೂ ದುಬಾರಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲೂ, ನಮ್ಮ ದೇಶದ ಪಟ್ಟಿಯಲ್ಲೂ ಇದೆ.

ಹಾಗೆಂದು ರಕ್ತದ ವ್ಯವಸ್ಥೆ ಮಾಡುವುದನ್ನು ಬಿಡಬೇಡಿ. ಇಂಜೆಕ್ಷನ್ ಕೊಟ್ಟ ಮೇಲೂ ರಕ್ತ ಬೇಕಾಗುವವರಿದ್ದಾರೆ. ತಂದಿಟ್ಟ ರಕ್ತ ಬಳಕೆಯಾಗದಿದ್ದರೆ ಅದು ಇನ್ನೊಬ್ಬರಿಗೆ ಸಿಗುತ್ತದೆ.

ಹಾರ್ಟಿಗೆ ಏನಾದರೂ ಆದರೆ?

ಇದೇ ಆತಂಕದಿಂದ ದೊಡ್ಡ ಅಧ್ಯಯನವೊಂದು ನಡೆದು 2022ರಲ್ಲಿ ಪ್ರಕಟವಾಯಿತು. ಹೃದಯದ್ದಲ್ಲದ ಬೇರೆ ಆಪರೇಶನ್‌ಗಳಿಗೆ ಒಳಗಾದ 9,535 ಮಂದಿ, ಅರ್ಧದಷ್ಟು ಜನರಿಗೆ ಈ ಔಷಧಿ, ಉಳಿದರ್ಧಕ್ಕೆ ಬರೀ ನೀರಿನಂಥ ಇಂಜೆಕ್ಷನ್. ಗಂಭೀರ ರಕ್ತಸ್ರಾವ ಔಷಧಿ ಪಡೆದವರಲ್ಲಿ ಶೇ. 9.1, ಪಡೆಯದವರಲ್ಲಿ ಶೇ. 11.7. ಹೃದಯ, ಮೆದುಳು, ರಕ್ತನಾಳದ ತೊಂದರೆಗಳು ಔಷಧಿ ಪಡೆದವರಲ್ಲಿ ಶೇ. 14.2, ಪಡೆಯದವರಲ್ಲಿ ಶೇ. 13.9. ಎರಡನೆಯ ಲೆಕ್ಕದಲ್ಲಿ ವ್ಯತ್ಯಾಸ ತೀರಾ ಚಿಕ್ಕದು. ಆದರೂ ಅಧ್ಯಯನ ಮಾಡಿದವರು "ಅಪಾಯ ಸ್ವಲ್ಪವೂ ಹೆಚ್ಚುವುದಿಲ್ಲವೆಂದು ಸಾಬೀತಾಯಿತು" ಎಂದು ಹೇಳಲಿಲ್ಲ. ನಾವೂ ಹೇಳಬಾರದು. ರಕ್ತಸ್ರಾವ ಹೆಚ್ಚಾಗುವ ಆಪರೇಶನ್‌ನಲ್ಲಿ ಲಾಭ ದೊಡ್ಡದು, ಅಪಾಯ ಹೆಚ್ಚಿದರೂ ತೀರಾ ಕಡಿಮೆ ಎಂದು ತಿಳಿದುಕೊಳ್ಳಬಹುದು.

ಆದರೆ ಈ ಮಾತು ಎಲ್ಲರಿಗೂ ಒಂದೇ ರೀತಿ ಅನ್ವಯಿಸುವುದಿಲ್ಲ. ಕಾಲಿನ ರಕ್ತನಾಳದಲ್ಲಿ ಅಥವಾ ಶ್ವಾಸಕೋಶದಲ್ಲಿ ಈಗ ಹೆಪ್ಪು ಇರುವವರಿಗೆ ಇದನ್ನು ಕೊಡುವುದಿಲ್ಲ. ಹಿಂದೆ ಹೆಪ್ಪುಗಟ್ಟಿದವರು, ಇತ್ತೀಚೆಗೆ ಪಾರ್ಶ್ವವಾಯು ಅಥವಾ ಹೃದಯಾಘಾತ ಆದವರು, ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರ ವಿಷಯದಲ್ಲಿ ವೈದ್ಯರು ಎರಡು ಸಲ ಯೋಚಿಸುತ್ತಾರೆ. ಈ ಔಷಧಿ ಮೂತ್ರದಲ್ಲಿ ಹೊರಹೋಗುವುದರಿಂದ ಕಿಡ್ನಿ ಸರಿಯಿಲ್ಲದವರಿಗೆ ಪ್ರಮಾಣ ಇಳಿಸಬೇಕು. ಪ್ರಮಾಣ ಬಹಳ ಹೆಚ್ಚಾದರೆ ಫಿಟ್ಸ್ ಬರಬಹುದು, ಮೊದಲೇ ಫಿಟ್ಸ್ ಇದ್ದವರು ಅದನ್ನು ಮುಚ್ಚಿಡಬಾರದು.

ಇನ್ನೊಂದು ಎಚ್ಚರಿಕೆ ಇದೆ. ಇದನ್ನು ರಕ್ತನಾಳಕ್ಕೆ ಮಾತ್ರ ಕೊಡಬೇಕು. ಸೊಂಟದ ಕೆಳಗೆ ಮರಗಟ್ಟಿಸಲು ಬೆನ್ನಿಗೆ ಕೊಡುವ ಅರಿವಳಿಕೆ ಔಷಧಿ ಎಂದು ತಪ್ಪಿ ಇದನ್ನೇ ಬೆನ್ನಿಗೆ ಚುಚ್ಚಿದ ಪ್ರಕರಣಗಳು ಬೇರೆ ಬೇರೆ ದೇಶಗಳಲ್ಲಿ ನಡೆದು ಸಾವುಗಳಾಗಿವೆ. ಎರಡರ ಗಾಜಿನ ಆಂಪೂಲ್‌ಗಳೂ ಒಂದೇ ಥರ ಕಾಣುವುದುಂಟು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಗ್ಗೆ ಎಲ್ಲ ಆಸ್ಪತ್ರೆಗಳಿಗೆ ಎಚ್ಚರಿಕೆ ಕೊಟ್ಟಿತು. ಇದು ಆಸ್ಪತ್ರೆಯವರು ನೋಡಿಕೊಳ್ಳಬೇಕಾದ ವಿಷಯ. ಮೆಡಿಕಲ್ ಶಾಪಿನಿಂದ ಔಷಧಿ ತರುವ ಕೆಲಸ ಮನೆಯವರ ಪಾಲಿಗೆ ಬಂದಾಗ, ಆಂಪೂಲ್‌ಗಳನ್ನು ಬಿಡಿಬಿಡಿಯಾಗಿ ಜೇಬಿಗೆ ಹಾಕಿಕೊಳ್ಳದೆ ಪ್ಯಾಕೆಟ್ ಸಮೇತ ನರ್ಸ್ ಕೈಗೆ ಕೊಡಿ.

ವೈದ್ಯರಿಗೆ ಹೇಳದೆ ಬಿಡುವ ಸಂಗತಿಗಳು

ಯಾವ ಇಂಜೆಕ್ಷನ್ ಕೊಡಬೇಕು ಎಂಬುದು ವೈದ್ಯರ ತೀರ್ಮಾನ. ಆದರೆ ಅವರ ತೀರ್ಮಾನ ನಿಂತಿರುವುದು ನಾವು ಹೇಳುವುದರ ಮೇಲೆ. ನಮ್ಮವರು "ಬೇರೆ ಏನೂ ಮದ್ದು ಇಲ್ಲ ಸಾರ್" ಎಂದುಬಿಡುತ್ತಾರೆ. ಕೈಚೀಲದಲ್ಲಿ ನೋಡಿದರೆ ನಾಲ್ಕು ಬಗೆ ಇರುತ್ತದೆ.

ಬೆನ್ನುನೋವಿಗೆಂದು ತಿಂಗಳುಗಟ್ಟಲೆ ನುಂಗಿದ ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳು ರಕ್ತಸ್ರಾವ ಹೆಚ್ಚಿಸುತ್ತವೆ. ಇಕೋಸ್ಪ್ರಿನ್, ಕ್ಲೋಪಿಡೋಗ್ರೆಲ್‌ನಂಥ ರಕ್ತ ತೆಳುವಾಗಿಸುವ ಮಾತ್ರೆಗಳನ್ನು ಹೇಳದೆ ಮುಂದುವರಿಸುವುದು ಅಪಾಯ, ಯಾರನ್ನೂ ಕೇಳದೆ ನಿಲ್ಲಿಸುವುದು ಅದಕ್ಕಿಂತ ದೊಡ್ಡ ಅಪಾಯ. ಸ್ಟೆಂಟ್ ಇರುವವರಂತೂ ಹೃದಯದ ವೈದ್ಯರು ಮತ್ತು ಸರ್ಜನ್ ಇಬ್ಬರೂ ಮಾತಾಡಿಕೊಂಡ ಮೇಲೆಯೇ ನಿಲ್ಲಿಸಬೇಕು. ಬೆಳ್ಳುಳ್ಳಿ ಕ್ಯಾಪ್ಸೂಲ್, ಮೀನೆಣ್ಣೆ, ಗಲ್ಫಿನಿಂದ ಬಂದ ಕಲೋಂಜಿ ಎಣ್ಣೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ. ಕಲೋಂಜಿ ಬೇಡವೆಂದಲ್ಲ. ಆಪರೇಶನ್‌ಗೆ ಮುಂಚೆ ಕೆಲವು ದಿನ ನಿಲ್ಲಿಸಬೇಕೇ ಎಂದು ಕೇಳಿ, ಅಷ್ಟೇ.

ಹಿಜಾಮ ಮಾಡಿಸಿಕೊಂಡಿದ್ದರೆ ಯಾವಾಗ, ಬೆನ್ನಿನ ಯಾವ ಭಾಗಕ್ಕೆ ಎಂದು ಹೇಳಬೇಕು. ಹಸಿ ಗಾಯದ ಗುರುತಿರುವ ಚರ್ಮದ ಮೂಲಕ ಬೆನ್ನು ಕೊಯ್ದರೆ ಸೋಂಕಿನ ಭಯವಿದೆ. ರಕ್ತ ಕಡಿಮೆ ಇರುವವರು ಆಪರೇಶನ್ ಹತ್ತಿರ ಬಂದಾಗ ಇರುವ ರಕ್ತವನ್ನು ಹೊರತೆಗೆಸುವುದು ಜಾಣತನವೂ ಅಲ್ಲ. ಸುನ್ನತ್ ಬಗ್ಗೆ ಅಗೌರವವೆಂದು ವೈದ್ಯರು ಬೈದಾರೆಂದು ಅಂಜಿ ಮುಚ್ಚಿಡುವವರಿದ್ದಾರೆ. ಬೈದರೆ ಬೈಯಲಿ, ಹೇಳಿ.

ಹೆಣ್ಣುಮಕ್ಕಳು ಮುಖ್ಯವಾಗಿ ಗಮನಿಸಬೇಕಾದದ್ದು ಒಂದಿದೆ. ಹಜ್, ಉಮ್ರಾ ಅಥವಾ ರಮಝಾನ್ ಕಾಲದಲ್ಲಿ ಮುಟ್ಟು ಮುಂದೂಡಲು ತೆಗೆದುಕೊಳ್ಳುವ ಮಾತ್ರೆಗಳು ಹಾರ್ಮೋನ್ ಮಾತ್ರೆಗಳು, ಗರ್ಭನಿರೋಧಕ ಮಾತ್ರೆಗಳೂ ಹಾಗೆಯೇ. ಇವುಗಳಲ್ಲಿ ಕೆಲವು ಹೆಪ್ಪುಗಟ್ಟುವ ಸಾಧ್ಯತೆಯನ್ನು ಹೆಚ್ಚಿಸುತ್ತವೆ. ಜೊತೆಗೆ ಟ್ರಾನೆಕ್ಸಾಮಿಕ್ ಆಸಿಡ್ ಸೇರಿದರೆ, ಮತ್ತೆ ವಾರಗಟ್ಟಲೆ ಹಾಸಿಗೆಯಲ್ಲಿ ಮಲಗಿದರೆ ಆ ಸಾಧ್ಯತೆ ಇನ್ನೂ ಏರುತ್ತದೆ. ಗಂಡನ, ಮಾವನ ಎದುರು ಹೇಳಲು ಸಂಕೋಚವಾದರೆ ನರ್ಸ್ ಬಳಿ ಬೇರೆಯಾಗಿ ಹೇಳಿ.

ನಮ್ಮ ಮೂರು ತಾಲೂಕಿನವರಿಗೇ ಸೇರಿದ ಇನ್ನೊಂದು ಮಾತು: ಕಾಡಂಚಿಗೆ ಹೋಗಿ ಇತ್ತೀಚೆಗೆ ಮಂಗನ ಕಾಯಿಲೆಯ ಜ್ವರ ಬಂದಿದ್ದರೆ ತಿಳಿಸಿ. ಆ ಕಾಯಿಲೆಯಲ್ಲಿ ಪ್ಲೇಟ್ಲೆಟ್ ಇಳಿಯುತ್ತದೆ. ಪ್ಲೇಟ್ಲೆಟ್ ಇಲ್ಲದೆ ಹೆಪ್ಪೇ ಸರಿಯಾಗಿ ಕಟ್ಟುವುದಿಲ್ಲ. ಕಟ್ಟದ ಹೆಪ್ಪನ್ನು ಈ ಇಂಜೆಕ್ಷನ್ ಕಾಯುವುದಾದರೂ ಹೇಗೆ?

ಇಂಜೆಕ್ಷನ್ ಹಲಾಲೇ?

ಹಲವರು ಕೇಳುತ್ತಾರೆ. ಟ್ರಾನೆಕ್ಸಾಮಿಕ್ ಆಸಿಡ್ ಪ್ರಾಣಿಯಿಂದ ತೆಗೆದದ್ದಲ್ಲ, ಕಾರ್ಖಾನೆಯಲ್ಲಿ ರಾಸಾಯನಿಕವಾಗಿ ತಯಾರಾಗುವುದು. ಹಿಂದೆ ಇದೇ ಕೆಲಸಕ್ಕೆ ದನದ ಶ್ವಾಸಕೋಶದಿಂದ ತೆಗೆದ ಅಪ್ರೊಟಿನಿನ್ ಎಂಬ ಔಷಧಿಯನ್ನು ಬಳಸುತ್ತಿದ್ದರು. ಅದರಿಂದ ಸಾವು ಹೆಚ್ಚುವ ಶಂಕೆ ಬಂದು 2007ರಲ್ಲಿ ಕಂಪನಿಯೇ ಮಾರಾಟ ನಿಲ್ಲಿಸಿತು. ನಿಜವಾಗಿ ಕೇಳಬೇಕಾದದ್ದು ಬೇರೆ ವಸ್ತುಗಳ ಬಗ್ಗೆ. ಜಿನುಗುವ ಮೂಳೆಯ ಮೇಲಿಡುವ ಜೆಲಾಟಿನ್ ಸ್ಪಂಜುಗಳಲ್ಲಿ ಕೆಲವು ಹಂದಿಯ ಚರ್ಮದಿಂದ ತಯಾರಾಗುತ್ತವೆ. ಹೆಪ್ಪು ತಡೆಯುವ ಹೆಪಾರಿನ್ ಹಂದಿಯ ಕರುಳಿನಿಂದ ಬರುತ್ತದೆ. ಸ್ಪಂಜಿಗೆ ಬದಲಾಗಿ ಸಸ್ಯಮೂಲದ ಸೆಲ್ಯುಲೋಸ್ ಬಟ್ಟೆಯಂಥದ್ದೂ ಇದೆ. ಬದಲಿ ಇಲ್ಲದೆ ಜೀವಕ್ಕೆ ಅಪಾಯವಿರುವಾಗ ಶರೀಅತ್ ರಿಯಾಯಿತಿ ಕೊಡುತ್ತದೆ. ರೂಪ ಬದಲಾದ ವಸ್ತುವಿನ ಬಗ್ಗೆ ಉಲಮಾಗಳಲ್ಲಿ ಭಿನ್ನ ಅಭಿಪ್ರಾಯಗಳಿವೆ. ಸರ್ಜನ್‌ರನ್ನೂ, ನೀವು ನಂಬುವ ಆಲಿಮರನ್ನೂ ವಾರದ ಮೊದಲೇ ಕೇಳಿ. ಥಿಯೇಟರ್ ಬಾಗಿಲಲ್ಲಿ ಸ್ಟ್ರೆಚರ್ ನಿಲ್ಲಿಸಿ ಕೇಳಿದರೆ ಯಾರಿಗೂ ಯೋಚಿಸಲು ಸಮಯ ಸಿಗದು.

ನಾಲ್ಕು ವಾರ ಮೊದಲು ಆಗಬೇಕಾದ ಕೆಲಸ

ದಿನ ನಿಗದಿ ಮಾಡಿ ನಡೆಸುವ ಆಪರೇಶನ್ ಆದರೆ, ಎಲ್ಲಕ್ಕಿಂತ ಮುಖ್ಯ ಹಿಮೋಗ್ಲೋಬಿನ್. ಗಂಡಸರಿಗೆ 13ಕ್ಕಿಂತ, ಹೆಂಗಸರಿಗೆ 12ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ. 9ರಿಂದ ಶುರುಮಾಡಿದವರಿಗೆ ಅರ್ಧ ಲೀಟರ್ ಹೋದರೂ ರಕ್ತ ಕೊಡಬೇಕಾಗಬಹುದು, 13ರಿಂದ ಶುರುಮಾಡಿದವರು ತಡೆದುಕೊಳ್ಳುತ್ತಾರೆ. ಹಾಗಾಗಿ ಸಾಗರದ ಅಥವಾ ತೀರ್ಥಹಳ್ಳಿಯ ಸರ್ಕಾರಿ ಆಸ್ಪತ್ರೆಯಲ್ಲೇ ಮೊದಲು ಪರೀಕ್ಷೆ ಮಾಡಿಸಿ, ಕಡಿಮೆಯಿದ್ದರೆ ಕಬ್ಬಿಣದ ಮಾತ್ರೆ ಶುರುಮಾಡಿ. ಸಮಯ ಕಡಿಮೆಯಿದ್ದರೆ ಡ್ರಿಪ್ ಮೂಲಕವೂ ಕಬ್ಬಿಣಾಂಶ ಕೊಡುತ್ತಾರೆ. ಮಾತ್ರೆಯನ್ನು ಚಹಾ ಜೊತೆ ನುಂಗಿದರೆ ಅರ್ಧ ವ್ಯರ್ಥ. ನಿಂಬೆ ಶರಬತ್ತಿನ ಜೊತೆ ಒಳ್ಳೆಯದು. ಖರ್ಜೂರ, ಬೀಟ್‌ರೂಟ್, ದಾಳಿಂಬೆ ತಿಂದು ರಕ್ತ ಏರಿಸುತ್ತೇವೆ ಎನ್ನುವವರಿಗೆ ಒಂದು ಮಾತು, ತಿನ್ನಿ, ಆದರೆ ಅವುಗಳಿಂದ ನಾಲ್ಕು ವಾರದಲ್ಲಿ ಎರಡು ಪಾಯಿಂಟ್ ಏರುವುದಿಲ್ಲ. ಅವಕ್ಕಿಂತ ಕಲೇಜಿ ಎಷ್ಟೋ ಮೇಲು.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡಿನಲ್ಲಿ ಆಪರೇಶನ್ ಮಾಡಿಸುವವರು ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರದ ವಿಷಯವನ್ನೂ ಇದೇ ಓಡಾಟದಲ್ಲಿ ಮುಗಿಸಿಕೊಳ್ಳಬಹುದು.

ಮರದಿಂದ ಬಿದ್ದವರ ವಿಷಯ ಬೇರೆ

ಅಲ್ಲಿ ನಾಲ್ಕು ವಾರ ಎಲ್ಲಿಯದು, ಲೆಕ್ಕ ಗಂಟೆಗಳದ್ದು. 2010ರಲ್ಲಿ ಪ್ರಕಟವಾದ, ಭಾರತವೂ ಸೇರಿ 40 ದೇಶಗಳ 20,211 ಗಾಯಾಳುಗಳ ಅಧ್ಯಯನದಲ್ಲಿ ಈ ಇಂಜೆಕ್ಷನ್ ಪಡೆದವರಲ್ಲಿ ಸಾವು ಶೇ. 16ರಿಂದ ಶೇ. 14.5ಕ್ಕೆ ಇಳಿಯಿತು. ಆದರೆ ಪೆಟ್ಟಾದ ಮೂರು ಗಂಟೆಯೊಳಗೆ ಕೊಟ್ಟರೆ ಮಾತ್ರ. ಮೂರು ಗಂಟೆ ದಾಟಿದ ಮೇಲೆ ಕೊಟ್ಟವರಲ್ಲಿ ರಕ್ತಸ್ರಾವದ ಸಾವು ಕಡಿಮೆಯಾಗುವ ಬದಲು ಹೆಚ್ಚಾಯಿತು. ಶರಾವತಿ ಹಿನ್ನೀರಿನ ಆಚೆಗಿನ ಊರಿನಿಂದ, ನಗರ ಹೋಬಳಿಯ ಒಳಗಿನ ತೋಟದಿಂದ ನೇರ ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಹೊರಟರೆ ಆ ಮೂರು ಗಂಟೆ ದಾರಿಯಲ್ಲೇ ಕಳೆದುಹೋಗುತ್ತದೆ. "ಇಲ್ಲಿ ಏನೂ ಆಗಲ್ಲ, ದೊಡ್ಡಾಸ್ಪತ್ರೆಗೇ ಹೋಗೋಣ" ಎಂದು ತಾಲೂಕು ಆಸ್ಪತ್ರೆಯನ್ನು ದಾಟಿಹೋಗುವ ಅಭ್ಯಾಸ ಬಿಡಬೇಕು. ರಕ್ತಸ್ರಾವ ಇದೆಯೇ, ಇಂಜೆಕ್ಷನ್ ಬೇಕೇ ಎಂಬುದನ್ನು ಅಲ್ಲಿಯೇ ನೋಡಿ, ಡ್ರಿಪ್ ಹಾಕಿ ಮುಂದೆ ಕಳಿಸುತ್ತಾರೆ. ಬಿದ್ದ ಸಮಯವನ್ನು ಒಂದು ಚೀಟಿಯಲ್ಲಿ ಬರೆದು ಕೊಡಿ.

ಬಿದ್ದವರನ್ನು ಎತ್ತುವಾಗ ಕಂಕುಳು, ಕಾಲು ಹಿಡಿದು ಮಡಚಿ ಆಟೋದಲ್ಲಿ ಕೂರಿಸಬೇಡಿ. ಮುರಿದ ಬೆನ್ನುಮೂಳೆ ಆಗ ನರವನ್ನೇ ಕತ್ತರಿಸಿಬಿಡಬಹುದು. 108ಕ್ಕೆ ಫೋನ್ ಮಾಡಿ. ಅದು ಬರುವುದು ತಡವಾದರೆ ಅಗಲದ ಹಲಗೆ ಅಥವಾ ಬಾಗಿಲನ್ನು ತಂದು, ತಲೆ, ಕುತ್ತಿಗೆ, ಸೊಂಟ ಒಂದೇ ನೇರದಲ್ಲಿರುವಂತೆ ನಾಲ್ಕೈದು ಮಂದಿ ಒಟ್ಟಿಗೆ ಹೊರಳಿಸಿ ಮಲಗಿಸಿ.

ಆಪರೇಶನ್ ಆದ ಮೇಲೆ

ಗಾಯದ ಪಕ್ಕದಿಂದ ಒಂದು ನಳಿಕೆ ಬಂದು ಡಬ್ಬಿಗೆ ಸೇರಿರುತ್ತದೆ, ಅದರಲ್ಲಿ ಒಂದೆರಡು ದಿನ ರಕ್ತದ ನೀರು ಬರುತ್ತದೆ. ಗಾಬರಿ ಬೇಡ. ಅದಿದೆಯೆಂದು ನಮಾಝನ್ನೇ ಬಿಡುವವರಿದ್ದಾರೆ. ನಿಲ್ಲದ ಸ್ರಾವ ಇರುವವರಿಗೆ ರಿಯಾಯಿತಿಗಳಿವೆ. ಮಲಗಿಯೇ ಸನ್ನೆಯಲ್ಲಿ ನಮಾಝ್ ಮಾಡುವ ಕ್ರಮವನ್ನೂ ಸೇರಿಸಿ ನಿಮ್ಮ ಇಮಾಮರಲ್ಲಿ ಮೊದಲೇ ಕೇಳಿಟ್ಟುಕೊಳ್ಳಿ. ಆದರೆ ಡಬ್ಬಿ ಬೇಗಬೇಗನೆ ಕೆಂಪು ರಕ್ತದಿಂದ ತುಂಬಿದರೆ, ಕಾಲು ಮರಗಟ್ಟುತ್ತಾ ಬಂದರೆ, ಮೂತ್ರ ಕಟ್ಟಿದರೆ ತಕ್ಷಣ ನರ್ಸ್‌ರನ್ನು ಕರೆಯಬೇಕು, ಬೆಳಗಿನ ರೌಂಡ್ಸ್‌ಗೆ ಕಾಯಬಾರದು.

ಮನೆಗೆ ಬಂದ ಮೇಲೆ ವೈದ್ಯರು ಹೇಳಿದಷ್ಟು ನಡೆಯಿರಿ, ಮಲಗಿದಲ್ಲೇ ಪಾದ ಆಡಿಸುತ್ತಿರಿ. ಒಂದೇ ಕಾಲಿನ ಮೀನಖಂಡ ಊದಿ ನೋಯತೊಡಗಿದರೆ, ಇದ್ದಕ್ಕಿದ್ದಂತೆ ಉಸಿರು ಸಿಕ್ಕಿಹಾಕಿಕೊಂಡರೆ, ಎದೆ ಚುಚ್ಚಿದರೆ, ಅದು ಹೆಪ್ಪು ಇರಬಹುದು. ಹೊಲಿಗೆ ಬಿಚ್ಚಲು ಕೊಟ್ಟ ದಿನದವರೆಗೆ ಕಾಯದೆ ಆ ಹೊತ್ತಿಗೇ ಹತ್ತಿರದ ಆಸ್ಪತ್ರೆಗೆ ಹೋಗಿ. ಹೋಗುವಾಗ ಡಿಸ್ಚಾರ್ಜ್ ಚೀಟಿ ಕೈಯಲ್ಲಿರಲಿ, ಯಾವ ಇಂಜೆಕ್ಷನ್ ಎಷ್ಟು ಕೊಟ್ಟಿದ್ದರೆಂದು ಅದರಲ್ಲಿ ಬರೆದಿರುತ್ತದೆ.